ಹನ್ನೊಂದು ಫೋರ್ಕು, ಹನ್ನೆರಡು ಚಮಚ

ಆಫೀಸಿನ ಪ್ರಾಜೆಕ್ಟ್ ಮೇಲೆ ಎರಡು ವರ್ಷಕ್ಕೆಂದು ಮಿಲಾನ್‌ಗೆ ಬಂದವಳು ನಾನು. ರೂಮು ಬಾಡಿಗೆಗೆ ಕೊಟ್ಟಿದ್ದ ಅಜ್ಜಿಗೆ 81 ವರ್ಷ. ಬಿಲ್ಡಿಂಗ್‌ನಲ್ಲಿ ಎಲ್ಲರೂ ಕರೆಯೋ ಹಾಗೆ ನಾನೂ ಅವರನ್ನ 'ಸಿನ್ಯೋರಾ' ಅಂತಲೇ ಕರೀತಿದ್ದೆ. ಮೊದಲ ಭಾನುವಾರ ಊಟಕ್ಕೆ ಕೂರಿಸಿ, ಬಟ್ಟಲಿನ ಪಕ್ಕ ಒಂದು ಫೋರ್ಕ್ ಇಟ್ಟರು. ಕೈಗೆತ್ತಿಕೊಂಡೆ. ಒಳ್ಳೇ ತೂಕ. ಹಲ್ಲುಗಳು ಮೂರೇ. ಹಿಡಿಯಲ್ಲಿ ಒಂದು ಹೂವಿಲ್ಲ, ಬಳ್ಳಿಯಿಲ್ಲ, ಗೆರೆಯೂ ಇಲ್ಲ. ಆದರೆ ಕೈಯಲ್ಲಿ ಹೇಗೆ ಕೂತಿತು ಅಂದರೆ, ಹುಟ್ಟಿದಾಗಿನಿಂದ ಕೈಯಲ್ಲೇ ಉಂಡವಳಿಗೂ ಅದನ್ನ ಕೆಳಗಿಡೋ ಮನಸ್ಸಾಗಲಿಲ್ಲ.

'ಇದು ಬೆಳ್ಳೀದಾ?' ಅಂತ ಕೇಳಿದೆ. ಸಿನ್ಯೋರಾ ನಕ್ಕರು. 'ಬೆಳ್ಳಿಯೋ ಸ್ಟೀಲೋ ಅಂತ ಆಮೇಲೆ ಕೇಳು. ಮೊದಲು ಯಾರು ಮಾಡಿದ್ದು ಅಂತ ಕೇಳು' ಅಂದರು. ನನ್ನ ಹುಚ್ಚು ಶುರುವಾದದ್ದು ಅವತ್ತೇ.

ಚಮಚ ಬರೆಯುವ ಆರ್ಕಿಟೆಕ್ಟ್‌ಗಳು

ಇಟಲಿಯಲ್ಲಿ ಕಳೆದ ಶತಮಾನದ ಮಧ್ಯದಲ್ಲಿ ಒಂದು ವಿಶೇಷ ನಡೆಯಿತು. ಗಗನಚುಂಬಿ ಕಟ್ಟಡ ಕಟ್ಟುವವರೇ ಚಮಚಕ್ಕೂ ನಕ್ಷೆ ಬರೆದರು. ಮಿಲಾನ್‌ನ ಪಿರೆಲ್ಲಿ ಟವರ್ ವಿನ್ಯಾಸ ಮಾಡಿದ ಜಿಯೊ ಪಾಂಟಿ (1891–1979) 1920ರ ದಶಕದಲ್ಲಿ ರಿಚರ್ಡ್-ಜಿನೋರಿ ಪಿಂಗಾಣಿ ಕಂಪನಿಯ ಕಲಾ ನಿರ್ದೇಶಕರಾಗಿದ್ದವರು. 1928ರಲ್ಲಿ 'ಡೋಮುಸ್' ಪತ್ರಿಕೆ ಶುರು ಮಾಡಿದವರೂ ಅವರೇ. 1951ರಲ್ಲಿ ಮಿಲಾನ್‌ನ ಕ್ರುಪ್ ಕಂಪನಿಗೆ ಅವರು ಮಾಡಿಕೊಟ್ಟ ಊಟದ ಸೆಟ್ ಇವತ್ತಿಗೂ ಸಂಗ್ರಾಹಕರ ಕನಸು. ಫೋರ್ಕಿನ ಹಲ್ಲುಗಳು ಗಿಡ್ಡ, ಚಮಚದ ಗುಂಡಿ ಅಗಲ. ನೋಡಿದ ತಕ್ಷಣ ಗುರುತು ಸಿಗುತ್ತೆ.

ಸಿನ್ಯೋರಾ ಮನೆಯ ಮೂರು ಹಲ್ಲಿನ ಫೋರ್ಕ್ ನೋಡಿದವರೆಲ್ಲ ನೆನೆಯೋದು ಅದಕ್ಕಿಂತ ಹಳೆಯ ಇನ್ನೊಂದು ಸೆಟ್ಟನ್ನ. ಲುಯೀಜಿ ಕಾಚಾ ದೊಮಿನಿಯೋನಿ, ಲೀವಿಯೊ ಮತ್ತು ಪಿಯೆರ್ ಜಾಕೊಮೊ ಕಾಸ್ತಿಲ್ಯೋನಿ ಎಂಬ ಮೂವರು ಯುವಕರು 1938ರಲ್ಲಿ ಬರೆದ ನಕ್ಷೆ ಅದು. 1940ರಲ್ಲಿ ಮಿಲಾನ್‌ನ ತ್ರಿಯೆನ್ನಾಲೆ ಪ್ರದರ್ಶನದಲ್ಲಿ ಜನ ನೋಡಿ ಬೆರಗಾದರು. ಆಗ ಅದು ಅಚ್ಚ ಬೆಳ್ಳಿ. 'ಕಾಚಾ' ಅನ್ನೋ ಹೆಸರಲ್ಲಿ ಅಲೆಸ್ಸಿ ಕಂಪನಿ ಸ್ಟೀಲಿನಲ್ಲಿ ತಂದದ್ದು 1990ರಲ್ಲಿ. ಆಗ ಕಾಸ್ತಿಲ್ಯೋನಿಗಳ ತಮ್ಮ ಅಕಿಲ್ಲೆ ಅದಕ್ಕೊಂದು ನಾಲ್ಕು ಹಲ್ಲಿನ ಫೋರ್ಕ್ ಸೇರಿಸಿದರು. ಅಂದರೆ ನಾಲ್ಕು ಹಲ್ಲಿನ 'ಕಾಚಾ' ಫೋರ್ಕ್ ತೋರಿಸಿ 'ಯುದ್ಧಕ್ಕಿಂತ ಹಿಂದಿನದು' ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಮುಂದೆ ಹೋಗಬಹುದು!

ಸ್ಟೀಲಿಗೆ ಮರ್ಯಾದೆ ಬಂದ ಕಾಲ

1943ರ ಆಗಸ್ಟ್‌ನಲ್ಲಿ ಮಿಲಾನ್ ಮೇಲೆ ಭಾರೀ ಬಾಂಬ್ ದಾಳಿಯಾಯಿತು. ಯುದ್ಧ ಮುಗಿದ ಮೇಲೆ ಊರು ಹೊಸದಾಗಿ ಎದ್ದಿತು. ಚಿಕ್ಕ ಫ್ಲಾಟ್‌ಗಳು ಬಂದವು. ಬೆಳ್ಳಿ ಸಾಮಾನು ಉಜ್ಜಿ ಹೊಳಪು ಮಾಡೋಕೆ ಆಳುಗಳಿರಲಿಲ್ಲ, ಮನೆಯವರಿಗೆ ಪುರುಸೊತ್ತೂ ಇರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕಪ್ಪಾಗಲ್ಲ, ಉಜ್ಜೋದು ಬೇಡ. ಆದರೆ 'ನೆಂಟರ ಮುಂದೆ ಇಡೋಕಾಗುತ್ತಾ?' ಅನ್ನೋ ಅನುಮಾನ ಅಲ್ಲಿನ ಹೆಂಗಸರಿಗೂ ಇತ್ತು. ಆ ಅನುಮಾನ ತೆಗೆದುಹಾಕಿದ್ದು ವಿನ್ಯಾಸಕಾರರು.

ಇದರಲ್ಲಿ ನನಗೆ ತುಂಬ ಇಷ್ಟದವರು ರೊಬೆರ್ತೊ ಸಾಂಬೊನೆಟ್ (1924–1995). ಮೂಲತಃ ಚಿತ್ರಕಲಾವಿದ. ಮನೆತನದ್ದೇ ಕಂಪನಿ, 1856ರಿಂದ ವೆರ್ಚೆಲ್ಲಿ ಊರಿನಲ್ಲಿ ಊಟದ ಸಾಮಾನು ಮಾಡುತ್ತಾ ಬಂದದ್ದು. 1950ರ ದಶಕದಲ್ಲಿ ಅವರು ಮೀನು ಬೇಯಿಸೋಕೆ ಮೀನಿನ ಆಕಾರದ್ದೇ ಸ್ಟೀಲ್ ಪಾತ್ರೆ ಮಾಡಿದರು. ಮುಚ್ಚಿದರೆ ಕಪ್ಪೆಚಿಪ್ಪಿನ ಹಾಗೆ ಒಂದಾಗುತ್ತೆ. ಒಲೆ ಮೇಲಿಂದ ಇಳಿಸಿ ಸೀದಾ ಟೇಬಲ್ ಮೇಲೆ ಇಡಬಹುದು. ಆಮೇಲೆ ಬಂತು 'ಸೆಂಟರ್ ಲೈನ್': ಒಂದರೊಳಗೊಂದು ಕೂರುವ 8 ಸ್ಟೀಲ್ ಪಾತ್ರೆಗಳು. ನಮ್ಮ ಅಡುಗೆಮನೆಯ ಡಬ್ಬಿ ಸೆಟ್ ನೆನಪಾಯಿತಾ? ನನಗೂ ಅದೇ ನೆನಪಾದದ್ದು. ಆ ಸೆಟ್‌ಗೆ 1970ರಲ್ಲಿ 'ಕೊಂಪಾಸ್ಸೊ ದೋರೊ' ಸಿಕ್ಕಿತು. 1954ರಲ್ಲಿ ಶುರುವಾದ ಇದು ಇಟಲಿಯ ವಿನ್ಯಾಸ ಲೋಕದ ದೊಡ್ಡ ಪ್ರಶಸ್ತಿ.

ಮೊದಲು ಈ ಹೆಸರುಗಳನ್ನು ಕೇಳಿರಿ

ಎಲ್ಲವನ್ನೂ ಕೂಡಿಹಾಕೋಕೆ ಹೋದರೆ ಸಂಬಳ ಸಾಲಲ್ಲ, ಕಪಾಟೂ ಸಾಲಲ್ಲ. ಶುರು ಮಾಡೋರಿಗೆ ಇಷ್ಟು ಸಾಕು.

ಅಲೆಸ್ಸಿ: 1921ರಲ್ಲಿ ಶುರುವಾದ ಕಂಪನಿ, ಓರ್ತಾ ಸರೋವರದ ದಡದ ಒಮೆನ್ಯಾ ಊರಿನದು. ಕಾರ್ಲೊ ಅಲೆಸ್ಸಿಯ 'ಬೊಂಬೆ' ಟೀ-ಕಾಫಿ ಸೆಟ್ 1945ರದ್ದು. ಹಳೆಯ ಸಾಮಾನುಗಳ ಅಡಿಯಲ್ಲಿ 'ಆಲ್‌ಫ್ರಾ' ಅಂತ ಇರುತ್ತೆ. ಅದು 'ಅಲೆಸ್ಸಿ ಸಹೋದರರು' ಅನ್ನೋದರ ಚುಟುಕು ರೂಪ.

ಅಕಿಲ್ಲೆ ಕಾಸ್ತಿಲ್ಯೋನಿ (1918–2002): 1982ರ 'ಡ್ರೈ' ಸೆಟ್ ಇವರದ್ದು. ಆದರೆ ಬಡ ಸಂಗ್ರಾಹಕರಿಗೆ ಇವರ ದೊಡ್ಡ ಕೊಡುಗೆ ಒಂದು ಪ್ಲಾಸ್ಟಿಕ್ ಚಮಚ! ಮಯೊನೇಸ್ ಬಾಟಲಿಯ ಮೂಲೆಯಲ್ಲಿ ಅಂಟಿದ್ದನ್ನೂ ಕೆರೆದು ತೆಗೆಯಲಿ ಅಂತ 1962ರಲ್ಲಿ ಕ್ರಾಫ್ಟ್ ಕಂಪನಿಗಾಗಿ ಮಾಡಿದ್ದು. ಬಾಟಲಿಯೊಳಗಿನ ವಕ್ರಕ್ಕೆ ಸರಿಯಾಗಿ ಅಂಚಿದೆ, ಬೆರಳಿಡೋಕೆ ಹಿಡಿಯಲ್ಲಿ ಜಾಗವಿದೆ. ಮುಂದೆ ಅಲೆಸ್ಸಿ 'ಸ್ಲೀಕ್' ಹೆಸರಲ್ಲಿ ಅದನ್ನ ಮತ್ತೆ ತಂದಿತು. ನಾನು ಉಪ್ಪಿನಕಾಯಿ ಬಾಟಲಿಗೆ ಹಾಕಿ ನೋಡಿದೆ. ಒಂದು ಹನಿ ಮಸಾಲೆ ಬಿಡಲಿಲ್ಲ.

ಎತ್ತೊರೆ ಸೊತ್ಸಾಸ್: ಕೆಂಪು ಬಣ್ಣದ 'ವ್ಯಾಲೆಂಟೈನ್' ಟೈಪ್‌ರೈಟರ್ ಮಾಡಿದವರು. 1961ರಲ್ಲಿ ಭಾರತಕ್ಕೆ ಬಂದಿದ್ದರು. ಅದಾದ ಮೇಲೆ ಗಂಭೀರ ಕಾಯಿಲೆ ಬಿದ್ದು ಅಮೆರಿಕದಲ್ಲಿ ಚಿಕಿತ್ಸೆ ಪಡೆದರು. ಚೇತರಿಸಿಕೊಂಡ ಮೇಲೆ 1964ರಲ್ಲಿ ಅವರು ಮಾಡಿದ ಮಣ್ಣಿನ ತಟ್ಟೆಗಳ ಸರಣಿಯ ಹೆಸರು 'ಶಿವನಿಗೆ ಅರ್ಪಣೆ'. ಅವು ಮ್ಯೂಸಿಯಂ ಮಾಲು, ನಮ್ಮ ಕೈಗೆ ಸಿಗಲ್ಲ. ಆದರೆ 1987ರ 'ನುವೊವೊ ಮಿಲಾನೊ' ಊಟದ ಸೆಟ್ ಸಿಗುತ್ತೆ. ಅದರಲ್ಲಿ ಚೂಪು ಮೂಲೆ ಅನ್ನೋದೇ ಇಲ್ಲ.

ಮಾಸಿಮೊ ವಿನ್ಯೆಲ್ಲಿ: ನ್ಯೂಯಾರ್ಕ್ ಸಬ್‌ವೇಯ 1972ರ ನಕ್ಷೆ ಮಾಡಿದವರು. ಇವರ ಮೆಲಮೈನ್ ತಟ್ಟೆಗಳು ಒಂದರ ಮೇಲೊಂದು ಇಟ್ಟರೆ ಕಂಬದ ಹಾಗೆ ನಿಲ್ಲುತ್ತವೆ. 1964ರಲ್ಲಿ ಕೊಂಪಾಸ್ಸೊ ದೋರೊ ಪಡೆದವು. ಬಿಡಿಬಿಡಿಯಾಗಿ ಕೊಳ್ಳಬಹುದು ಅನ್ನೋದು ಇವುಗಳ ಲಾಭ.

ನಾನು ಟೋಪಿ ಹಾಕಿಸಿಕೊಂಡ ಕಥೆ

ಮಿಲಾನ್‌ನ ನವಿಲ್ಯೊ ಗ್ರಾಂದೆ ಕಾಲುವೆ ಪಕ್ಕ ತಿಂಗಳ ಕೊನೆಯ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತೆ. ಎರಡನೇ ಸಲ ಹೋದಾಗಲೇ ನಾನು 'ಪಾಂಟಿ, 1951, ಒರಿಜಿನಲ್' ಅಂತ ಹೇಳಿದ ಒಬ್ಬನಿಂದ ಆರು ಜನರ ಸೆಟ್ ಕೊಂಡೆ. 240 ಯೂರೊ ಕೊಟ್ಟೆ. ಚೌಕಾಸಿ ಮಾಡಿ 20 ಇಳಿಸಿದೆ ಅಂತ ಬೀಗುತ್ತಾ ಮನೆಗೆ ಬಂದೆ.

ಸಿನ್ಯೋರಾ ಕನ್ನಡಕ ಹಾಕಿಕೊಂಡು ಚಮಚ ಮಗುಚಿದರು. ಹಿಂದೆ ಸಾಂಬೊನೆಟ್ ಅಂತಿತ್ತು. 'ಪಾಂಟಿ ಇದನ್ನ ಮಾಡಿಕೊಟ್ಟದ್ದು ಕ್ರುಪ್‌ಗೆ. ಸಾಂಬೊನೆಟ್ ಕೈಗೆ ಹೋದದ್ದು ಆಮೇಲೆ. ಇದು ನಿನಗಿಂತ ಚಿಕ್ಕದು ಮಗಳೇ' ಅಂದರು.

ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಅದು ನಕಲಿ ಮಾಲಲ್ಲ. ಹಕ್ಕಿರುವ ಕಂಪನಿಯೇ ಅದೇ ನಕ್ಷೆಯಿಂದ ಮಾಡಿದ, ಒಳ್ಳೇ ಗುಣಮಟ್ಟದ ಸೆಟ್. ತಪ್ಪು ಇದ್ದದ್ದು ಮಾರಿದವನ ಮಾತಿನಲ್ಲಿ, ಮತ್ತು ತಿರುಗಿಸಿ ನೋಡದ ನನ್ನಲ್ಲಿ. ದಿನಬಳಕೆಗೆ ಹೊಸ ತಯಾರಿಕೆಯೇ ಎಷ್ಟೋ ವಾಸಿ. ಆದರೆ ಹೊಸದಕ್ಕೆ ಹಳೆಯದರ ಬೆಲೆ ಕೊಡಬಾರದು, ಅಷ್ಟೇ.

ಕೊಳ್ಳುವ ಮುಂಚೆ ಐದು ನಿಮಿಷ

ಮೊದಲು ಬೆನ್ನು ನೋಡಿ. ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಮುದ್ರೆ ಓದೋಕಾಗುತ್ತೆ. '800' ಅಂತಿದ್ದರೆ ಸಾವಿರ ಭಾಗದಲ್ಲಿ 800 ಭಾಗ ಬೆಳ್ಳಿ. '925' ಆದರೆ ಇನ್ನೂ ಶುದ್ಧ. 1968ರ ಕಾನೂನಿನ ನಂತರದ ಇಟಲಿ ಬೆಳ್ಳಿಯ ಮೇಲೆ ಒಂದು ನಕ್ಷತ್ರ, ತಯಾರಕರ ಸಂಖ್ಯೆ ಮತ್ತು ಜಿಲ್ಲೆಯ ಎರಡಕ್ಷರ ಇರುತ್ತೆ. '18/10' ಅಂದರೆ ಸ್ಟೀಲ್: ಶೇ 18 ಕ್ರೋಮಿಯಂ, ಶೇ 10 ನಿಕ್ಕೆಲ್.

'ಅಲ್ಪಾಕ್ಕಾ' ಅಂತಿದ್ದರೆ? ಗಾಬರಿ ಬೇಡ. ಅದು ನಾವು ಜರ್ಮನ್ ಸಿಲ್ವರ್ ಅನ್ನೋದೇ. ತಾಮ್ರ, ನಿಕ್ಕೆಲ್, ಸತುವಿನ ಮಿಶ್ರಲೋಹ. ಹೆಸರಿನಲ್ಲಿ ಮಾತ್ರ ಬೆಳ್ಳಿ. ಅದರ ಮೇಲೆ ಸಾಮಾನ್ಯವಾಗಿ ಬೆಳ್ಳಿ ಲೇಪ ಇರುತ್ತೆ. ಚಮಚ ಟೇಬಲ್ ಮೇಲೆ ತಾಗುವ ಬೆನ್ನಿನ ಉಬ್ಬು, ಫೋರ್ಕಿನ ತುದಿ – ಇಲ್ಲಿ ಲೇಪ ಮೊದಲು ಸವೆಯುತ್ತೆ. ಅಲ್ಲಿ ಹಳದಿ ಛಾಯೆ ಕಂಡರೆ ಬೆಲೆ ಇಳಿಸಿ ಕೇಳಿ.

ಎರಡನೆಯದು ಅಯಸ್ಕಾಂತ. ಒಳ್ಳೇ 18/10 ಚಮಚಕ್ಕೆ ಅದು ಗಟ್ಟಿಯಾಗಿ ಅಂಟಲ್ಲ. ಆದರೆ ಚಾಕುವಿನ ಅಲಗಿಗೆ ಅಂಟಿದರೆ ಮೋಸ ಅಂತ ತಿಳೀಬೇಡಿ. ಹರಿತ ನಿಲ್ಲಬೇಕು ಅಂತ ಅಲಗಿಗೆ ಬೇರೆ ಜಾತಿಯ ಗಟ್ಟಿ ಸ್ಟೀಲ್ ಹಾಕ್ತಾರೆ.

ಮೂರನೆಯದು ಲೆಕ್ಕ. ಆರು ಅಥವಾ ಹನ್ನೆರಡರ ಸೆಟ್‌ನಲ್ಲಿ ಒಂದು ಕಡಿಮೆಯಾದರೂ ಬೆಲೆ ಇಳಿಯುತ್ತೆ. ಕಳೆದುಹೋದ ಒಂದನ್ನ ಹುಡುಕೋ ಮಜಾ ಬೇಕು ಅನ್ನೋರಿಗೆ ಇಂಥ ಸೆಟ್ಟೇ ಒಳ್ಳೇದು.

ಇನ್ನು ಬಳಕೆ. ಹುಳಿ, ಉಪ್ಪು ಅಂಟಿದ ಸ್ಟೀಲನ್ನ ರಾತ್ರಿಯಿಡೀ ಸಿಂಕಿನಲ್ಲಿ ಬಿಡಬೇಡಿ, ಸಣ್ಣ ಸಣ್ಣ ಚುಕ್ಕೆ ತೂತು ಬೀಳುತ್ತೆ. ಬೆಳ್ಳಿಗೆ ಮೊಟ್ಟೆ ಆಗಲ್ಲ, ಅದರಲ್ಲಿರೋ ಗಂಧಕದಿಂದ ಕಪ್ಪಾಗುತ್ತೆ. ಹಿಡಿ ಟೊಳ್ಳಾಗಿರುವ ಹಳೇ ಚಾಕುಗಳನ್ನ ಬಿಸಿನೀರಲ್ಲಿ ನೆನೆಸಿದರೆ ಒಳಗಿನ ಅಂಟು ಬಿಡುತ್ತೆ. ಮೆಲಮೈನ್ ತಟ್ಟೆಯನ್ನ ಮೈಕ್ರೊವೇವ್‌ಗೆ ಇಡಬೇಡಿ, ಕುದಿಯೋ ಹುಳಿಸಾರನ್ನೂ ಅದಕ್ಕೆ ಹಾಕಬೇಡಿ. ಹಳೇ ಪಿಂಗಾಣಿಯ ಬಣ್ಣದಲ್ಲಿ ಸೀಸ ಇರಬಹುದು. ಅಂಥವು ಗೋಡೆಗೆ ಚೆಂದ, ಊಟಕ್ಕಲ್ಲ. ಊರಿಗೆ ತರುವಾಗ ಚಾಕುಗಳು ಚೆಕ್-ಇನ್ ಬ್ಯಾಗಿನಲ್ಲೇ ಇರಲಿ.

ಅಮ್ಮನ ಫೋನು

ಎರಡನೇ ವರ್ಷದ ಕೊನೆಗೆ ಸಿನ್ಯೋರಾ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗೋದು ಅಂತಾಯಿತು. ಅಡುಗೆಮನೆ ಸಾಮಾನೆಲ್ಲ ಒಟ್ಟಿಗೆ ಒಯ್ಯೋಕೆ ಮಗಳು ಒಬ್ಬ ವ್ಯಾಪಾರಿಗೆ ಹೇಳಿದ್ದಳು. ಹೆಚ್ಚೂಕಮ್ಮಿ ತೂಕದ ಲೆಕ್ಕ. ಅವತ್ತು ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿ ಅಮ್ಮನ ಹತ್ತಿರ ಗೋಳಾಡಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಿಮ್ಮಜ್ಜಿಯ ಕಂಚಿನ ತಟ್ಟೆಗಳನ್ನ ನಾನೂ ಹೀಗೇ ಕೊಟ್ಟೆ ಕಣೇ. ಪಾತ್ರೆಯವನು ತೂಕ ಹಾಕಿ ಹೊಸ ಸ್ಟೀಲ್ ಕೊಟ್ಟ. ಹಿತ್ತಾಳೆಗೆ ಕಲಾಯಿ ಹಾಕಿಸೋದು ತಪ್ಪಿತು, ಕಂಚಿಗೆ ಹುಣಸೆಹಣ್ಣು ಹಾಕಿ ತಿಕ್ಕೋದು ತಪ್ಪಿತು ಅಂತ ಖುಷಿಯಾಗಿತ್ತು. ನಿಮ್ಮಜ್ಜಿ ಏನೂ ಅನ್ನಲಿಲ್ಲ. ಆದರೆ ಅವತ್ತು ಊಟ ಮಾಡಲಿಲ್ಲ' ಅಂದರು. ಮೂವತ್ತು ವರ್ಷದಲ್ಲಿ ಅಮ್ಮ ಇದನ್ನ ನನಗೆ ಹೇಳಿರಲಿಲ್ಲ.

ಮಾರನೇ ದಿನ ರಜೆ ಹಾಕಿದೆ. ಸಿನ್ಯೋರಾ ಮತ್ತು ನಾನು ಡ್ರಾಯರ್‌ಗಳನ್ನೆಲ್ಲ ಟೇಬಲ್ ಮೇಲೆ ಸುರಿದು ವಿಂಗಡಿಸಿದೆವು. '800' ಮುದ್ರೆಯದು ಒಂದು ಕಡೆ, ಅಲ್ಪಾಕ್ಕಾ ಇನ್ನೊಂದು ಕಡೆ, ಸ್ಟೀಲ್ ಮತ್ತೊಂದು ಕಡೆ. ಮೂರು ಹಲ್ಲಿನ ಆ ಸೆಟ್‌ನ ಬೆನ್ನಲ್ಲಿ ಯಾವ ದೊಡ್ಡ ಹೆಸರೂ ಇರಲಿಲ್ಲ. ಆ ಕಾಲದ ಗಾಳಿಯಲ್ಲಿ ಯಾವುದೋ ಸಣ್ಣ ವರ್ಕ್‌ಶಾಪ್ ಮಾಡಿದ ಬೆಳ್ಳಿ ಲೇಪದ ಸೆಟ್. 'ಯಾರು ಮಾಡಿದ್ದು ಅಂತ ಕೇಳು ಅಂದಿದ್ರಲ್ಲ?' ಅಂದೆ. 'ಕೇಳು ಅಂದೆ. ನನಗೆ ಗೊತ್ತು ಅಂದೆನಾ?' ಅಂತ ನಕ್ಕರು. ಎಣಿಸಿದೆವು. ಹನ್ನೆರಡು ಚಮಚ, ಹನ್ನೊಂದು ಫೋರ್ಕು. ಹನ್ನೆರಡನೆಯದು ಅವರ ಗಂಡ ಮೀನು ಹಿಡಿಯೋಕೆ ಹೋದಾಗ ಸರೋವರದಲ್ಲಿ ಬಿದ್ದದ್ದಂತೆ.

ಬೆಳ್ಳಿ ಮಗಳಿಗೆ ಹೋಯಿತು. ಮುದ್ರೆಗಳನ್ನ ನೋಡಿದ ಮೇಲೆ ಅವಳು ವ್ಯಾಪಾರಿಗೆ ಬೇಡ ಅಂದಳು. ಮೂರು ಹಲ್ಲಿನ ಸೆಟ್ ನನಗೆ ಬಂತು. ಬಿಟ್ಟಿಯಲ್ಲ, 50 ಯೂರೊ ಎಣಿಸಿಕೊಂಡರು. 'ಬಿಟ್ಟಿ ಕೊಟ್ಟರೆ ಡಬ್ಬಿಯಲ್ಲಿ ಮುಚ್ಚಿಡ್ತೀಯ. ದುಡ್ಡು ಕೊಟ್ಟರೆ ದಿನಾ ಉಪಯೋಗಿಸ್ತೀಯ' ಅಂದರು.

ಈಗ ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ ಅನ್ನ-ಸಾರನ್ನ ನಾನು ಕೈಯಲ್ಲೇ ಉಣ್ಣೋದು. ಆದರೆ ಮೊಸರು ಬಡಿಸೋಕೆ, ಉಪ್ಪಿಟ್ಟಿಗೆ, ಪಾಯಸಕ್ಕೆ ಆ ಚಮಚಗಳೇ. ಕಳೆದ ಹಬ್ಬಕ್ಕೆ ಬಂದ ಅಮ್ಮ ಊರಿನಿಂದ ಒಂದು ಕಂಚಿನ ತಟ್ಟೆ ತಂದರು. ಅಜ್ಜಿ ಅವತ್ತು ತೂಕಕ್ಕೆ ಕೊಡದೆ ಸೀರೆ ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಒಂದೇ ಒಂದು ತಟ್ಟೆ ಅದು. ಹುಣಸೆಹಣ್ಣು ಹಾಕಿ ನಾನೇ ತಿಕ್ಕಿದೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇರಬಹುದು. ಗುಜರಿಗೆ ಹಾಕುವ ಮುಂಚೆ ಒಮ್ಮೆ ಬೆನ್ನು ತಿರುಗಿಸಿ ನೋಡಿ. ಅದರ ಕಥೆ ಗೊತ್ತಿರೋರು ಮನೆಯಲ್ಲಿ ಇನ್ನೂ ಇದ್ದರೆ ಈಗಲೇ ಕೇಳಿ. ಕೇಳಿದ್ದನ್ನ ನಮಗೂ ಬರೆದು ಕಳಿಸಿ.