ಒಂದು ಆಮ್ಲಜನಕದ ಅಂತರ

ಕ್ರೊಯೇಷಿಯಾ ದೇಶದ ವಿಂದಿಯಾ ಗುಹೆಯಲ್ಲಿ ದೊರೆತ ನಿಯಾಂಡರ್ತಾಲ್ ಮಾನವರ ಮೂಳೆಗಳು ಹತ್ತಾರು ಸಾವಿರ ವರ್ಷ ಹಳೆಯವು. ಅವುಗಳಲ್ಲಿ ಉಳಿದಿದ್ದ ಡಿ.ಎನ್.ಎ.ಯನ್ನು ಸ್ವಾಂಟೆ ಪಾಬೊ ಮತ್ತು ಸಂಗಡಿಗರು 2010ರಲ್ಲಿ ಓದಿ ಪ್ರಕಟಿಸಿದರು. ಇತ್ತ ಬ್ಯಾಕ್ಟೀರಿಯದ ಒಡಲಲ್ಲಿ ಸಂದೇಶ ಒಯ್ಯುವ ಆರ್.ಎನ್.ಎ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಚೂರುಚೂರಾಗುತ್ತದೆ. ಇವೆರಡೂ ಒಡಹುಟ್ಟುಗಳೆಂದರೆ ನಂಬುವುದು ಕಷ್ಟ.

ಎರಡರ ಘಟಕವೂ ನ್ಯೂಕ್ಲಿಯೋಟೈಡ್ ಎಂಬ ಅಣುವೇ. ಅದಕ್ಕೆ ಮೂರು ಅಂಗಗಳು: ನಡುವೆ ಐದು ಇಂಗಾಲಗಳ ಸಕ್ಕರೆ, ಒಂದು ಬದಿಗೆ ಫಾಸ್ಫೇಟು, ಇನ್ನೊಂದು ಬದಿಗೆ ಸಾರಜನಕವುಳ್ಳ ಪ್ರತ್ಯಾಮ್ಲ. ಒಂದರ ಫಾಸ್ಫೇಟು ಮತ್ತೊಂದರ ಸಕ್ಕರೆಯನ್ನು ಹಿಡಿದುಕೊಂಡು ಸರಪಳಿ ಬೆಳೆಯುತ್ತದೆ. ಪ್ರತ್ಯಾಮ್ಲಗಳೇ ಅಕ್ಷರಗಳು, ಉಳಿದುದು ಅವನ್ನು ಪೋಣಿಸಿದ ದಾರ.

ಮುಖ್ಯ ಭೇದವಿರುವುದು ಈ ದಾರದಲ್ಲಿ. ಆರ್.ಎನ್.ಎ.ಯ ಸಕ್ಕರೆ ರೈಬೋಸ್. ಅದರ ಎರಡನೆಯ ಇಂಗಾಲಕ್ಕೆ ಆಮ್ಲಜನಕ ಮತ್ತು ಜಲಜನಕಗಳ ಜೋಡಿಯೊಂದು ಅಂಟಿದೆ. ಡಿ.ಎನ್.ಎ.ಯಲ್ಲಿ ಆ ಸ್ಥಾನದಲ್ಲಿ ಬರಿಯ ಜಲಜನಕ. ನ್ಯೂಯಾರ್ಕಿನಲ್ಲಿ ಫೀಬಸ್ ಲೆವೀನ್ ಮೊದಲ ಸಕ್ಕರೆಯನ್ನು ಗುರುತಿಸಿದ್ದು 1909ರಲ್ಲಿ. ಎರಡನೆಯದು 1929ರವರೆಗೆ ಅವರನ್ನು ಕಾಯಿಸಿತು. ರೈಬೋಸಿನ ಆ ಜೋಡಿ ಸುಮ್ಮನೆ ಕೂರುವಂಥದಲ್ಲ. ಪಕ್ಕದ ಫಾಸ್ಫೇಟಿನ ಮೇಲೆರಗಿ ತನ್ನ ಸರಪಳಿಯನ್ನು ತಾನೇ ಕಡಿಯಬಲ್ಲದು. ಇದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ. ಸಂದೇಶದ ಆರ್.ಎನ್.ಎ. ಒಂದು ಕೆಲಸದ ಚೀಟಿ. ಅದು ಅಳಿಯದೆ ಉಳಿದರೆ ಜೀವಕೋಶ ಬೇಡದ ಪ್ರೋಟೀನನ್ನು ಮಾಡುತ್ತಲೇ ಇರಬೇಕಾದೀತು.

ಅಕ್ಷರಗಳಲ್ಲಿಯೂ ಒಂದು ವ್ಯತ್ಯಾಸವುಂಟು. ಅಡಿನೀನ್, ಗ್ವಾನೀನ್, ಸೈಟೊಸೀನ್ ಎರಡಕ್ಕೂ ಸಮಾನ. ಈ ಹೆಸರುಗಳನ್ನು ನೆನಪಿಡಿರೆಂದು ಕೇಳುಗರನ್ನು ಪೀಡಿಸುವುದಿಲ್ಲ. ನಾಲ್ಕನೆಯದು ಆರ್.ಎನ್.ಎ.ಯಲ್ಲಿ ಯುರಾಸಿಲ್, ಡಿ.ಎನ್.ಎ.ಯಲ್ಲಿ ಥೈಮೀನ್. ಯುರಾಸಿಲ್ಲಿನ ಒಂದು ಜಲಜನಕದ ಬದಲಿಗೆ ಒಂದು ಇಂಗಾಲ, ಮೂರು ಜಲಜನಕಗಳ ಪುಟ್ಟ ಗುಂಪು ಬಂದರೆ ಅದೇ ಥೈಮೀನ್. ದಕಾರದ ಹೊಟ್ಟೆ ಸೀಳಿದರೆ ಧಕಾರವಾದಂತೆ. ದನವೆಲ್ಲಿ, ಧನವೆಲ್ಲಿ!

ಈ ಗುರುತೇಕೆ ಬೇಕು? ಸೈಟೊಸೀನ್ ನೀರಿನ ಸಹವಾಸದಲ್ಲಿ ಆಗಾಗ ತಾನಾಗಿಯೇ ಯುರಾಸಿಲ್ ಆಗಿಬಿಡುತ್ತದೆ. ಡಿ.ಎನ್.ಎ.ಯ ಸ್ವಂತ ಅಕ್ಷರವೂ ಯುರಾಸಿಲ್ಲೇ ಆಗಿದ್ದರೆ, ಯಾವುದು ಮೂಲಪಾಠ, ಯಾವುದು ಸ್ಖಾಲಿತ್ಯವೆಂದು ತಿಳಿಯುವ ಬಗೆಯಿರಲಿಲ್ಲ. ಥೈಮೀನ್ ಇರುವುದರಿಂದ ಅಲ್ಲಿ ಕಂಡ ಯುರಾಸಿಲ್ಲನ್ನು ತಪ್ಪೆಂದೇ ಎಣಿಸಬಹುದು. ಅದನ್ನು ಹುಡುಕಿ ಕಿತ್ತುಹಾಕುವ ಕಿಣ್ವವನ್ನು ಥಾಮಸ್ ಲಿಂಡಾಲ್ 1974ರಲ್ಲಿ ಕಂಡುಹಿಡಿದರು.

ಸತ್ತ ಮೂಳೆಯಲ್ಲಿ ಈ ತಿದ್ದುಪಡಿ ನಡೆಯುವುದಿಲ್ಲ. ವಿಂದಿಯಾದ ಡಿ.ಎನ್.ಎ. ತುಣುಕುಗಳಲ್ಲಿ, ಅದರಲ್ಲಿಯೂ ತುದಿಗಳಲ್ಲಿ, ಸೈಟೊಸೀನ್ ಯುರಾಸಿಲ್ಲಾಗಿ ತಿರುಗಿತ್ತು. ಮೂಳೆಯನ್ನು ಮುಟ್ಟಿದ ಇಂದಿನವರ ಡಿ.ಎನ್.ಎ.ಯಿಂದ ಪ್ರಾಚೀನವನ್ನು ಬೇರ್ಪಡಿಸಿ ಗುರುತಿಸಲು ಆ ತಪ್ಪುಗಳೇ ಸಾಕ್ಷಿ ನುಡಿದವು.