ಮಲೆನಾಡಿನ ಒಂಟಿಮನೆಗಳೂ ಮಕ್ಕಳ ದಡಾರವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಹಿರಿಯರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು. ನಮ್ಮದು ಒಳ್ಳೆಯ ಗಾಳಿ, ಒಳ್ಳೆಯ ನೀರು. ಮನೆಗೂ ಮನೆಗೂ ನಡುವೆ ಒಂದು ಗುಡ್ಡವಾದರೂ ಇದೆ. ಪೇಟೆಯ ಅಂಟುರೋಗಗಳು ಇಲ್ಲಿಯವರೆಗೆ ಹತ್ತಿ ಬರಲಾರವು, ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಾನು ಬಲು ತಡವಾಗಿ ಕಲಿತೆನು. ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ನಾನೇ ಬರೆದಿಟ್ಟ ಒಂದು ಹಾಜರಿ ಪುಸ್ತಕ.

ಗ್ರಂಥದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಸಂಸ್ಕೃತ ಓದಿದವನ ಚಾಪಲ್ಯವೆಂದು ವಾಚಕರು ಕ್ಷಮಿಸಬೇಕು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನವೆಂಬ ಅಧ್ಯಾಯವೊಂದಿದೆ. ದೇಹ, ಆಹಾರ, ವಯಸ್ಸು, ಬಲ ಎಲ್ಲವೂ ಬೇರೆಬೇರೆಯಾಗಿರುವ ಜನರನ್ನು ಒಂದೇ ವ್ಯಾಧಿ ಒಂದೇ ಕಾಲದಲ್ಲಿ ಹೇಗೆ ಹಿಡಿಯುತ್ತದೆಂದು ಅಗ್ನಿವೇಶನು ಅಲ್ಲಿ ಕೇಳುತ್ತಾನೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದುವು, ಇವು ಕೆಟ್ಟರೆ ಊರೇ ಕೆಡುತ್ತದೆ ಎಂಬುದು ಆತ್ರೇಯನ ಸಮಾಧಾನ. ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆ ಇವುಗಳಿಂದ ಕೆಲವು ರೋಗಗಳು ಒಬ್ಬರಿಂದೊಬ್ಬರಿಗೆ ದಾಟುವುವೆಂದು ಸುಶ್ರುತನೂ ಬಲ್ಲನು. ಮಾಧವನಿದಾನದ ರೋಮಾಂತಿಕೆಯೇ ನಮ್ಮ ದಡಾರವೆಂದು ವೈದ್ಯರು ಹೇಳುತ್ತಾರೆ. ಆದರೆ ಈ ನಾಲ್ಕಕ್ಕೆ ಐದನೆಯದೊಂದನ್ನು ಇತ್ತೀಚಿನ ಶಾಸ್ತ್ರಜ್ಞರು ಸೇರಿಸಿದ್ದಾರೆ, ಅದು ಜನಸಂಖ್ಯೆ.

ಎಲ್ಲ ರೋಗಗಳಿಗೂ ಇದು ಒಂದೇ ತೆರನಾಗಿ ಅನ್ವಯಿಸದು. ನಮ್ಮ ಸೀಮೆಯ ಹಳೆಯ ಶತ್ರುವಾದ ಚಳಿಜ್ವರ ದೇಶಕ್ಕೆ ಸೇರಿದ ರೋಗ. ಮಲೆಯ ಹರಿಯುವ ತೊರೆಗಳ ಅಂಚಿನ ಹುಲ್ಲಿನಲ್ಲಿ ಮರಿಮಾಡುವ ಸೊಳ್ಳೆಯೊಂದು ಅದನ್ನು ಹೊತ್ತು ತರುತ್ತಿತ್ತು. ಹತ್ತು ಮನೆಯ ಹಳ್ಳಿಯಾದರೂ ಸರಿ, ತೋಟದ ನಡುವಣ ಒಂಟಿಮನೆಯಾದರೂ ಸರಿ, ಅದಕ್ಕೆ ಭೇದವಿರಲಿಲ್ಲ. ಜ್ವರಗಡ್ಡೆ ಬೆಳೆದು ಹೊಟ್ಟೆ ಮುಂದೆ ಬಂದ ಮಕ್ಕಳು ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಮನೆಯಲ್ಲಿಯೂ ಇದ್ದರು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದವರು ಗೋಡೆಗಳಿಗೆ ಡಿಡಿಟಿ ಸಿಂಪಡಿಸಿದ ಮೇಲೆ ಅದರ ಹಾವಳಿ ಬಹುಮಟ್ಟಿಗೆ ತಗ್ಗಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾಗಿ, ಈಚಿನ ವರ್ಷಗಳಲ್ಲಿ ನಮ್ಮ ಈ ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿರುವ ಮಂಗನ ಕಾಯಿಲೆಯೂ ಇಂಥದೇ. ಕಾಡಿನ ಉಣುಗು ಕಚ್ಚಿದವನಿಗೆ ಅದು ಬರುತ್ತದೆ, ನೆರೆಯವರಿರಲಿ ಇಲ್ಲದಿರಲಿ.

ದಡಾರದ ಬಗೆ ಬೇರೆ. ಅದಕ್ಕೆ ಸೊಳ್ಳೆ ಬೇಡ, ಉಣುಗು ಬೇಡ, ಕೊಳಕು ನೀರೂ ಬೇಡ. ಅದುವರೆಗೆ ದಡಾರವಾಗದ ಮನುಷ್ಯನೊಬ್ಬನು ಸಿಕ್ಕಿದರೆ ಸಾಕು. ಒಬ್ಬ ರೋಗಿಯಿಂದ, ತಡೆಯಿಲ್ಲದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅದು ಅಂಟಬಲ್ಲದೆಂದು ಲೆಕ್ಕ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯ ಕಾಲ ಅದರ ವಿಷಾಣು ಉಳಿದಿರುವುದುಂಟು. ಆದರೆ ಒಮ್ಮೆ ಬಂದುಹೋದವರಿಗೆ ಮತ್ತೆ ಬರುವುದಿಲ್ಲವಷ್ಟೆ. ಹೀಗಾಗಿ ಬೆಂಕಿಗೆ ಸೌದೆಯಂತೆ ಅದಕ್ಕೆ ಹೊಸ ಮಕ್ಕಳು ಹುಟ್ಟುತ್ತಲೇ ಇರಬೇಕು. ದೊಡ್ಡ ನಗರದಲ್ಲಿ ಈ ಸೌದೆಗೆ ಕೊರತೆಯಿಲ್ಲ. ಸಣ್ಣ ಊರಿನಲ್ಲಿ ಇದ್ದುದೆಲ್ಲ ಒಮ್ಮೆಗೇ ಉರಿದು, ರೋಗ ತಾನಾಗಿ ನಂದಿಹೋಗುತ್ತದೆ. ಬಾರ್ಟ್ಲೆಟ್ ಎಂಬ ಆಂಗ್ಲ ಗಣಿತಜ್ಞರು 1957ರಲ್ಲಿ ಇಂಗ್ಲೆಂಡಿನ ಪಟ್ಟಣಗಳ ಲೆಕ್ಕ ತೆಗೆದು, ಸುಮಾರು ಎರಡೂವರೆ ಮೂರು ಲಕ್ಷ ಜನರಿಲ್ಲದ ಊರಿನಲ್ಲಿ ದಡಾರ ನಿರಂತರವಾಗಿ ನೆಲೆಸಲಾರದೆಂದು ತೋರಿಸಿದರು.

ನಮ್ಮ ಮೂರು ತಾಲ್ಲೂಕುಗಳನ್ನು ಕೂಡಿಸಿದರೂ ಜನ ಎರಡೂವರೆ ಲಕ್ಷವಾಗದು. ಅದೂ ಒಂದೆಡೆ ಇಲ್ಲ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಮಂದಿಯಿದ್ದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ 158 ಮಂದಿ ಮಾತ್ರ. ಕಡೂರು, ತರೀಕೆರೆಗಳ ಬಯಲನ್ನು ಬಿಟ್ಟು ತುಂಗೆಯ ಆಚೀಚಿನ ಮಲೆಯನ್ನೇ ನೋಡಿದರೆ ಒಂದು ಅಡಿಕೆ ತೋಟ, ಅದರ ತಲೆಯಲ್ಲೊಂದು ಮನೆ, ಮತ್ತೊಂದು ಮನೆ ಕಾಣಬೇಕಾದರೆ ಹಾಡ್ಯ ದಾಟಬೇಕು. ಹಿರಿಯರು ಹೇಳುವ ಅರ್ಧಸತ್ಯ ಇದೇ. ದಡಾರ ನಮ್ಮಲ್ಲಿ ಮನೆ ಮಾಡಿಕೊಂಡಿರಲಿಲ್ಲ, ಅತಿಥಿಯಾಗಿ ಬರುತ್ತಿತ್ತು.

ಆದರೆ ಅತಿಥಿ ಬಹುಕಾಲ ಬಾರದೆ ಇದ್ದು ಬಂದರೆ ಏನಾಗುವುದು? ಯೂರೋಪಿನ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಫೇರೋ ಎಂಬ ದ್ವೀಪಗಳಿವೆ. ಅಲ್ಲಿ 1781ರಲ್ಲಿ ಬಂದುಹೋದ ದಡಾರ ಅರುವತ್ತೈದು ವರ್ಷ ಮತ್ತೆ ಮುಖ ತೋರಿಸಲಿಲ್ಲ. 1846ರಲ್ಲಿ ಹಡಗಿನಲ್ಲಿ ಬಂದವನೊಬ್ಬನಿಂದ ತಿರುಗಿ ಕಾಲಿಟ್ಟಾಗ, ಅಲ್ಲಿದ್ದ ಏಳು ಸಾವಿರದ ಎಂಟುನೂರರಷ್ಟು ಜನರಲ್ಲಿ ಸುಮಾರು ಆರು ಸಾವಿರ ಮಂದಿ ಕೆಲವೇ ತಿಂಗಳಲ್ಲಿ ಮಲಗಿದರು. ಹಸುಗೂಸಿನಿಂದ ಅರುವತ್ತರವರೆಗೆ ಎಲ್ಲರೂ. ತಪ್ಪಿಸಿಕೊಂಡವರು ಯಾರೆಂದರೆ, 1781ರಲ್ಲಿ ಮಕ್ಕಳಾಗಿದ್ದು ಅಂದೇ ದಡಾರವನ್ನು ಕಂಡಿದ್ದ ಮುದುಕರು! ಇದನ್ನೆಲ್ಲ ಮನೆಮನೆಗೆ ಹೋಗಿ ಬರೆದಿಟ್ಟವರು ಪಾನುಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯರು. ಏಕಾಂತವು ಜನರನ್ನು ಕಾಪಾಡಿತ್ತು, ನಿಜ. ಹಾಗೆ ಕಾಪಾಡುತ್ತಲೇ ಆರು ಸಾವಿರ ಜನರನ್ನು ಒಂದೇ ಕಿಡಿಗೆ ಸೌದೆಯಾಗಿ ಕೂಡಿಹಾಕಿತ್ತು.

ಇನ್ನು ನನ್ನ ಹಾಜರಿ ಪುಸ್ತಕದ ವಿಷಯ. 1988ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. ಕೊಪ್ಪ ತಾಲ್ಲೂಕಿನ ಒಂದು ಒಳಹಳ್ಳಿಯ ಶಾಲೆ. ಒಂದೇ ಕೋಣೆ, ಮೂವತ್ತನಾಲ್ಕು ಮಕ್ಕಳು. ನಮ್ಮಲ್ಲಿ ಕಾಲಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಬಯಲುಸೀಮೆಯ ವಾಚಕರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿ, ಸಂಕ ಕೊಚ್ಚಿಹೋಗಿ, ಒಂದು ಮನೆಯವರು ಇನ್ನೊಂದು ಮನೆಯವರನ್ನು ವಾರಗಟ್ಟಲೆ ಕಾಣದಿರುವುದುಂಟು. ಕಾರ್ತಿಕ ಕಳೆಯಿತೆಂದರೆ ಎಲ್ಲವೂ ತಿರುಗುಮುರುಗು. ಕೊನೆಕೊಯ್ಲು ಮೊದಲಾಗುತ್ತದೆ, ರಾತ್ರಿಯ ಹೊತ್ತು ಒಂದೇ ಚಾವಡಿಯಲ್ಲಿ ದೀಪದ ಸುತ್ತ ಕುಳಿತು ಇಪ್ಪತ್ತು ಮೂವತ್ತು ಮಂದಿ ಅಡಿಕೆ ಸುಲಿಯುತ್ತಾರೆ, ಅವರ ಮಡಿಲಲ್ಲಿ ಮಕ್ಕಳು ಮಲಗಿರುತ್ತವೆ. ಕಾಫಿ ಕುಯ್ಯಲು ಹೊರಗಿನಿಂದ ಆಳುಗಳು ಬಂದಿಳಿಯುತ್ತಾರೆ. ಬಳಿಕ ಮದುವೆ, ಜಾತ್ರೆ, ತೇರು. ಎಂಟು ತಿಂಗಳು ಚದರಿದ್ದ ಜನ ನಾಲ್ಕು ತಿಂಗಳು ಒತ್ತಾಗಿ ಸೇರುತ್ತಾರೆ. ದಡಾರವೂ ಮಾಘ ಫಾಲ್ಗುಣಗಳಲ್ಲಿಯೇ ಹೆಚ್ಚು.

ಆ ಮಾಘದಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಲವಕುಶರ ನಾಟಕವೊಂದನ್ನು ಆಡಿಸಬೇಕೆಂಬ ಹುಚ್ಚು ನನಗೆ ಹಿಡಿದಿತ್ತು. ಲವನ ಪಾತ್ರದ ಹುಡುಗ ಶಿವಮೊಗ್ಗೆಯ ಮದುವೆಗೆ ಹೋಗಿ ಬಂದು ಹತ್ತು ದಿನವಾಗಿತ್ತು. ಅವನ ತಂದೆ ಬಂದು, “ಮೇಷ್ಟ್ರೇ, ಹುಡುಗನ ಕಣ್ಣು ಕೆಂಪಾಗಿದೆ, ಮೈ ಬಿಸಿ ಇದೆ. ಎರಡು ದಿನ ಮನೇಲೇ ಇರ್ಲಿ” ಎಂದರು. ನಾನು, “ನೆಗಡಿಗೆಲ್ಲ ಹೆದರಿದರೆ ನಾಟಕ ಆದಂತೆಯೇ ಗೌಡರೇ, ಕಳಿಸಿಕೊಡಿ” ಎಂದೆ. ಅವರು ಮೇಷ್ಟರ ಮಾತನ್ನು ಮೀರುವವರಲ್ಲ, ಕಳುಹಿಸಿದರು. ಚಳಿಗಾಳಿಯೆಂದು ಕಿಟಕಿಗಳನ್ನು ಮುಚ್ಚಿಸಿ, ಎಲ್ಲರನ್ನೂ ಸುತ್ತ ಕೂರಿಸಿ, ಮೂರು ದಿನ ಅಭ್ಯಾಸ ಮಾಡಿಸಿದೆ. ಹುಡುಗ ಕೆಮ್ಮುತ್ತ ಕೆಮ್ಮುತ್ತ ಮಾತು ಒಪ್ಪಿಸಿದ. ನಾಲ್ಕನೆಯ ದಿನ ಅವನ ಕಿವಿಯ ಹಿಂದೆ ಕೆಂಪು ಗುಳ್ಳೆಗಳೆದ್ದುವು.

ಮುಂದಿನ ಹತ್ತು ದಿನ ಏನೂ ಆಗಲಿಲ್ಲ. ಹಾಜರಿ ಪುಸ್ತಕದ ಆ ಪುಟದಲ್ಲಿ ಅವನೊಬ್ಬನ ಸಾಲನ್ನು ಬಿಟ್ಟರೆ ಎಲ್ಲರ ಹಾಜರಿಯೂ ತುಂಬಿದೆ. ಗೆದ್ದೆವೆಂದುಕೊಂಡೆ. ಹನ್ನೊಂದನೆಯ ದಿನ ನಾಲ್ವರು ಬರಲಿಲ್ಲ. ಅದೇ ವಾರದ ಕೊನೆಗೆ ಹತ್ತೊಂಬತ್ತು ಗೈರುಹಾಜರಿ. ಮತ್ತೆ ಹತ್ತು ಹನ್ನೆರಡು ದಿನಕ್ಕೆ ಶಾಲೆಗೆ ಬಾರದ ಚಿಕ್ಕಮಕ್ಕಳ ಸರದಿ, ಅವರವರ ಮನೆಗಳಲ್ಲಿ. ರೋಗ ಹೊಕ್ಕ ದಿನದಿಂದ ಜ್ವರ ಕಾಣಿಸಲು ಹತ್ತು ಹನ್ನೆರಡು ದಿನ, ಗುಳ್ಳೆ ಏಳಲು ಸುಮಾರು ಹದಿನಾಲ್ಕು ದಿನ. ಗುಳ್ಳೆ ಏಳುವ ಮುಂಚಿನ ನಾಲ್ಕು ದಿನವೂ ಅನಂತರದ ನಾಲ್ಕು ದಿನವೂ ಅಂಟುವ ಕಾಲ. ವೈದ್ಯಶಾಸ್ತ್ರದ ಈ ಕ್ರಮವನ್ನೆಲ್ಲ ನಾನು ಮುಂದೆ ಓದಿ ತಿಳಿದಾಗ, ನನ್ನದೇ ಕೈಬರಹದಲ್ಲಿ ಅದು ಆಗಲೇ ಬರೆದಿಟ್ಟಂತೆ ಇತ್ತು. ನೆಗಡಿಯೆಂದು ನಾನು ಕಡೆಗಣಿಸಿದ್ದು ಅದು ಅತಿ ಹೆಚ್ಚಾಗಿ ಅಂಟುವ ದಿನಗಳನ್ನೇ.

ಹತ್ತಿರದ ಎಸ್ಟೇಟಿನ ಲೈನಿನಿಂದ ಬರುತ್ತಿದ್ದ ಮೂರನೆಯ ತರಗತಿಯ ಹುಡುಗನಿಗೆ ನಾಲ್ಕು ವರ್ಷದ ತಂಗಿಯೊಬ್ಬಳಿದ್ದಳು. ಒಂದೇ ಕೋಣೆಯ ಮನೆ, ಮಲಗುವವರು ಏಳು ಮಂದಿ, ಅದರಲ್ಲೇ ಒಲೆ. ಮಗುವಿಗೆ ಗುಳ್ಳೆ ಒಣಗಿತು. ದಡಾರದ ಬೆನ್ನಿಗೇ ಬರುವ ನ್ಯುಮೋನಿಯಾ ಹಿಡಿಯಿತು. “ಅಮ್ಮ” ಬಂದಿದ್ದಾಳೆ, ಔಷಧ ಕೊಡಬಾರದು ಎಂದು ಯಾರೋ ಹೇಳಿದರಂತೆ. ಆ ನಂಬಿಕೆಯನ್ನು ಪೂರ್ತಿ ಹಳಿಯಲಾರೆ. ಬೇವಿನ ಸೊಪ್ಪು ಕಟ್ಟಿದ ಮನೆಗೆ ಹೊರಗಿನವರು ಕಾಲಿಡಬಾರದೆಂಬ ಕಟ್ಟಳೆ ನನ್ನ ನಾಟಕದ ಅಭ್ಯಾಸಕ್ಕಿಂತ ಸಾವಿರ ಪಾಲು ವಿವೇಕದ್ದು. ಮಗು ಉಳಿಯಲಿಲ್ಲ. ಯುಗಾದಿ ಕಳೆದ ಮೇಲೆ ತಂದೆ ತಮ್ಮೂರಿಗೆ ಹಿಂದಿರುಗುವೆನೆಂದು ಹುಡುಗನ ವರ್ಗಾವಣೆ ಪತ್ರ ಕೇಳಲು ಬಂದನು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ; ಪತ್ರ ಬರೆದುಕೊಟ್ಟೆ.

ದಡಾರಕ್ಕೆ ಲಸಿಕೆ 1963ರಲ್ಲಿಯೇ ಹುಟ್ಟಿತ್ತು. ನಮ್ಮ ದೇಶದಲ್ಲಿ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಗಿ ಜಿಲ್ಲೆ ಜಿಲ್ಲೆಗೂ ಹಬ್ಬಿತು. ನನ್ನ ಆ ಮೂವತ್ತನಾಲ್ಕು ಮಕ್ಕಳು ಹುಟ್ಟಿದ್ದು ಅದಕ್ಕೆ ಮೊದಲು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆ ಹಾಕಿದಾಗ ನಾನು ಶಾಲೆಯ ಬಾಗಿಲಲ್ಲಿ ನಿಂತು ಹೆಸರು ಕೂಗಿದೆ. ಈಗ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೊಂದು, ಹೀಗೆ ಎರಡು ಸಲ ಕೊಡುತ್ತಾರೆ. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಸಂದಿದ್ದರೆ ದಡಾರಕ್ಕೆ ದಾರಿ ಕಟ್ಟಿದಂತೆ. ಇಲ್ಲಿಯೇ ನಮ್ಮ ಚದರಿದ ಜನವಸತಿ ಮತ್ತೆ ಅಡ್ಡ ಬರುತ್ತದೆ. ತಾಲ್ಲೂಕಿನ ಸರಾಸರಿ ತೊಂಬತ್ತೈದು ಇದ್ದರೂ, ಬಿಟ್ಟುಹೋದ ಐದು ಮಕ್ಕಳು ನೂರು ಮನೆಗಳಲ್ಲಿ ಹಂಚಿರುವುದಿಲ್ಲ. ಒಂದೇ ಲೈನಿನಲ್ಲಿ, ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇರುತ್ತಾರೆ. ಇಂದು ತೋಟಗಳಿಗೆ ಆಳುಗಳು ಬರುವುದು ಅಸ್ಸಾಮು, ಬಂಗಾಳ, ಜಾರ್ಖಂಡಗಳಿಂದ. ಮೊದಲನೆಯದನ್ನು ಅಲ್ಲಿ ಹಾಕಿಸಿಕೊಂಡ ಮಗು ಎರಡನೆಯದರ ಹೊತ್ತಿಗೆ ಇಲ್ಲಿ, ಯಾರ ಪಟ್ಟಿಯಲ್ಲಿಯೂ ಇಲ್ಲದೆ.

ಕಳೆದ ಚಳಿಗಾಲದಲ್ಲಿ ನಮ್ಮೂರ ಆಶಾ ಕಾರ್ಯಕರ್ತೆ ಲೈನಿಗೆ ಹೋಗುವಾಗ ನನ್ನನ್ನೂ ಕರೆದಳು; ಅವಳು ನನ್ನ ಹಳೆಯ ಶಿಷ್ಯೆ. “ಸಾರ್, ನಿಮಗೆ ನಾಲ್ಕಾರು ಲಿಪಿ ಬರುತ್ತದಲ್ಲ, ಬನ್ನಿ” ಎಂದಳು. ತರುಣಿಯೊಬ್ಬಳು ಸೀರೆಯ ಗಂಟಿನಿಂದ ಮಡಿಸಿದ ಕಾರ್ಡೊಂದನ್ನು ತೆಗೆದುಕೊಟ್ಟಳು. ಬಂಗಾಳಿ ಅಕ್ಷರ ನನಗೆ ತಡವರಿಸಿಕೊಂಡು ಮಾತ್ರ ಓದಲು ಬರುತ್ತದೆ. ಅಷ್ಟು ಬೇಕಾಗಲಿಲ್ಲ. ಒಂಬತ್ತನೆಯ ತಿಂಗಳ ಚೌಕದಲ್ಲಿ ತಾರೀಖಿತ್ತು, ಅದರ ಕೆಳಗಿನದು ಖಾಲಿ. ಮುಂದಿನ ಗುರುವಾರ ಅಂಗನವಾಡಿಯಲ್ಲಿ ಆ ಮಗುವಿಗೆ ಸೂಜಿ ಹಾಕಿದರು. ಊರೆಲ್ಲ ಕೇಳುವಂತೆ ಅತ್ತಿತು.