ಬಾಳೆಹಣ್ಣು ತಿಂದು ಬರುವ ಡಯಾಲಿಸಿಸ್ ರೋಗಿಗಳು

ಕಿಡ್ನಿ ಸೋತವರಿರುವ ಮನೆಯಲ್ಲಿ ಬಾಳೆಹಣ್ಣು, ಎಳನೀರು ಎರಡೂ ಬಂದ್. ತರಕಾರಿಯನ್ನೂ ಬೇಯಿಸಿ, ನೀರು ಬಸಿದೇ ಬಡಿಸುತ್ತಾರೆ. ಅಂಥದ್ದರಲ್ಲಿ ರೋಗಿಯೇ ಬೇಕೆಂದು ಬಾಳೆಹಣ್ಣು ತಿಂದು, ಕಿತ್ತಳೆ ರಸ ಕುಡಿದು ಆಸ್ಪತ್ರೆಗೆ ಬರುತ್ತಾನೆಂದರೆ? ಟೆಕ್ಸಾಸ್‌ನ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ದುಡಿಯುವ ಹಾಸನದ ಕಡೆಯ ವೈದ್ಯೆಯೊಬ್ಬರು ಇದನ್ನು ಹೇಳಿದಾಗ ನಾನು ನಂಬಲಿಲ್ಲ. ತುರ್ತು ವಿಭಾಗದ ಮುಂದೆ ಬೆಳಗಿನ ಜಾವವೇ ಬಂದು ಕೂತವರನ್ನು ಅವರು ತೋರಿಸಿದರು. ಮುಖ ಊದಿಕೊಂಡಿತ್ತು, ಉಸಿರಿಗೆ ಒದ್ದಾಟ. ಹೆಚ್ಚಿನವರು ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಬಂದು ವರ್ಷಗಟ್ಟಲೆ ಗಾರೆ ಕೆಲಸ, ಅಡುಗೆ ಕೆಲಸ ಮಾಡಿದವರು. ಕೈಯಲ್ಲಿ ಕಾಗದಪತ್ರ ಇಲ್ಲ.

"ಪೊಟ್ಯಾಸಿಯಂ ಏರಿರದಿದ್ದರೆ ವಾಪಸ್ ಕಳಿಸಬೇಕು ಸರ್. ಅದು ಅವರಿಗೂ ಗೊತ್ತು," ಎಂದರು ವೈದ್ಯೆ.

ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗಿರಬೇಕು. ಅದು 6 ದಾಟಿ ಮೇಲೇರಿದಂತೆ ಹೃದಯದ ಬಡಿತ ತಪ್ಪುವ, ನಿಂತೇಹೋಗುವ ಅಪಾಯ ಹೆಚ್ಚುತ್ತದೆ. ವಿಮೆ ಇರುವ ರೋಗಿ ವಾರಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಇವರಿಗೆ ಅದು ಸಿಗುವುದು ರಕ್ತಪರೀಕ್ಷೆ, ಇಸಿಜಿ ಅಥವಾ ರೋಗಿಯ ಸ್ಥಿತಿ 'ಜೀವಕ್ಕೆ ಅಪಾಯ' ಎಂದಾಗ ಮಾತ್ರ. ಫಲಿತಾಂಶ ತುಸು ಚೆನ್ನಾಗಿ ಬಂದರೆ ಮನೆಗೆ ನಡೆಯಬೇಕು. ಆಮೇಲೆ ಇನ್ನಷ್ಟು ಹದಗೆಟ್ಟು ಬರಬೇಕು. ಪೊಟ್ಯಾಸಿಯಂ ಏರಿಸುವ ಆ ಬಾಳೆಹಣ್ಣು ಅದಕ್ಕೇ. ಸಾವಿಗೆ ಇನ್ನೆಷ್ಟು ಹತ್ತಿರ ಹೋದರೆ ಒಳಗೆ ಬಿಡುತ್ತಾರೆ ಎಂಬ ಲೆಕ್ಕವನ್ನು ರೋಗಿಯ ತಲೆಗೇ ಕಟ್ಟಿದ ಇಂಥ ಕ್ರೂರ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಿಡ್ನಿ ವಿಫಲವಾದವರಿಗೆ ವಯಸ್ಸು ನೋಡದೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಕೊಡುವ ಕಾನೂನನ್ನು 1972ರಲ್ಲೇ ತಂದ ದೇಶ ಅಮೆರಿಕ. ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ, ಅಪಾಯದಿಂದ ಪಾರುಮಾಡಲೇಬೇಕೆಂದು 1986ರ ಕಾಯಿದೆ ಹೇಳಿತು. 1996ರ ಕಾಯಿದೆ ಗ್ರೀನ್ ಕಾರ್ಡ್ ಪಡೆದ ಬಹುಪಾಲು ವಯಸ್ಕರನ್ನೂ ಐದು ವರ್ಷ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ ಹೊರಗಿಟ್ಟಿತು. ಮಗನ ಮನೆ ಸೇರಿದ ನಮ್ಮ ಅಪ್ಪ–ಅಮ್ಮಂದಿರಿಗೆ ಈ ಐದು ವರ್ಷದ ಬಿಸಿ ಚೆನ್ನಾಗಿ ಗೊತ್ತು. ದಾಖಲೆ ಇಲ್ಲದವರಿಗೆ ಉಳಿದದ್ದು ತುರ್ತು ಮೆಡಿಕೇಡ್ ಮಾತ್ರ. ಯಾವುದು 'ತುರ್ತು' ಎನ್ನುವುದು ಆಯಾ ರಾಜ್ಯದ ತೀರ್ಮಾನ.

ತುರ್ತು ಡಯಾಲಿಸಿಸ್ ಅಷ್ಟೇ ಕೊಟ್ಟರೆ ಹಣ ಉಳಿಯುತ್ತದೆ ಎಂಬ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಡಲ್ಲಾಸ್‌ನ ಸಂಶೋಧಕರು 181 ರೋಗಿಗಳ ಲೆಕ್ಕ ತೆಗೆದಾಗ, ನಿಯಮಿತ ಡಯಾಲಿಸಿಸ್ ಸಿಕ್ಕವರಲ್ಲಿ ವರ್ಷದೊಳಗೆ ತೀರಿಕೊಂಡವರು ಶೇ 3, ತುರ್ತು ಡಯಾಲಿಸಿಸನ್ನೇ ನಂಬಿದವರಲ್ಲಿ ಶೇ 17. ನಿಯಮಿತವಾಗಿ ಕೊಟ್ಟಾಗ ತಿಂಗಳಿಗೆ ತಲಾ 5,700 ಡಾಲರ್‌ಗೂ ಹೆಚ್ಚು ಉಳಿಯಿತು. ಐಸಿಯು, ಆಂಬುಲೆನ್ಸ್, ರಾತ್ರಿಯ ಹಾಸಿಗೆ ಯಾವುದೂ ಪುಕ್ಕಟೆಯಲ್ಲ. ಹೃದಯಾಘಾತವಾಗಿ ಬಂದ ವಿಮೆದಾರನೂ ಕಾಯುವುದು ಅದೇ ಹಾಸಿಗೆಗೆ.

ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ತಮ್ಮ ರೋಗಿಯೊಬ್ಬರ ಸಾವು ಕಂಡಮೇಲೆ ಈ ನಿಯಮದ ಬೆನ್ನು ಹತ್ತಿದರು. ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದ ಹೊತ್ತಿಗೆ ತುರ್ತು ಡಯಾಲಿಸಿಸ್‌ನವರ ಸಾವಿನ ಪ್ರಮಾಣ 14 ಪಟ್ಟು ಹೆಚ್ಚು. 2019ರ ಫೆಬ್ರುವರಿಯಲ್ಲಿ ಕೊಲರಾಡೊ ರಾಜ್ಯ ಕೊನೆಯ ಹಂತದ ಕಿಡ್ನಿ ವೈಫಲ್ಯವನ್ನೇ 'ತುರ್ತು' ಎಂದು ಪರಿಗಣಿಸಿ, ನಿಯಮಿತ ಡಯಾಲಿಸಿಸ್‌ಗೂ ಹಣ ಕೊಡಲು ಶುರುಮಾಡಿತು. ಅಲ್ಲಿನ ರೋಗಿ ಈಗ ವಾರಕ್ಕೆ ಮೂರು ಸಲ, ಪೊಟ್ಯಾಸಿಯಂ ಏರುವ ಮೊದಲೇ ಡಯಾಲಿಸಿಸ್ ಪಡೆಯಬಹುದು.